ಬ್ಯಾಚ್ ಮುಗಿದ ಮೇಲೆ

ಹಳೆಯ ಪೋರ್ಟಲ್ ನಿಲ್ಲುತ್ತದೆ, ಎಲ್ಲರೂ ಹೊಸದಕ್ಕೆ ನೋಂದಾಯಿಸಿಕೊಳ್ಳಿ ಎಂಬ ಸುತ್ತೋಲೆ ಬಂದ ದಿನ ಎಲ್ಲ ಶಾಲೆಗಳಲ್ಲೂ ಏಳುವ ಮೊದಲ ಪ್ರಶ್ನೆ ಒಂದೇ: "ನಮ್ಮ ಸರ್ಟಿಫಿಕೇಟ್ ಕಥೆ ಏನು ಸಾರ್?" ಕಲಿತದ್ದರ ಕಥೆ ಏನು ಎಂದು ಯಾರೂ ಕೇಳುವುದಿಲ್ಲ. ಕೇಳದವರನ್ನು ದೂರಬೇಡಿ. ಅಲ್ಲಿಯವರೆಗೆ ಮೇಲಿನವರು ಅವರನ್ನು ಕೇಳಿದ್ದೂ ಸರ್ಟಿಫಿಕೇಟನ್ನೇ.

*

ಒಂದು ಸಂಸ್ಥೆ ತನ್ನ ತರಬೇತಿಯನ್ನು ಏನೆಂದು ತಿಳಿದಿದೆ ಎಂಬುದು ತರಬೇತಿ ನಡೆಯುವಾಗ ಗೊತ್ತಾಗುವುದಿಲ್ಲ. ಜಾಗ ಖಾಲಿ ಮಾಡುವಾಗ ಯಾವುದನ್ನು ಮೊದಲು ಗಂಟು ಕಟ್ಟುತ್ತದೆ, ಯಾವುದನ್ನು ಮೂಲೆಯಲ್ಲಿ ಬಿಟ್ಟು ಹೋಗುತ್ತದೆ ಎಂಬುದರಲ್ಲಿ ಗೊತ್ತಾಗುತ್ತದೆ.

*

ಪಂಚನಹಳ್ಳಿ ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಚಿಕ್ಕಮಗಳೂರು ಜಿಲ್ಲೆ ಎಂದ ಕೂಡಲೇ ಕಾಫಿ, ಮಂಜು, ಮುಳ್ಳಯ್ಯನಗಿರಿ ಎನ್ನುವವರಿಗೆ ಈ ಕಡೆ ಕಾಣುವುದು ತೆಂಗು, ರಾಗಿ, ಮಳೆ ಕಾಯುವ ಹೊಲ. ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇರುವುದು ಚಿಕ್ಕಮಗಳೂರಿನಲ್ಲಿ. ಕಡೂರಿನಿಂದಲೇ ಅಲ್ಲಿಗೆ ಸುಮಾರು 40 ಕಿಲೋಮೀಟರ್; ಹೋಬಳಿಯಿಂದ ಕಡೂರು ಮುಟ್ಟುವುದು ಅದರ ಮೇಲಿನ ಲೆಕ್ಕ. ಹೀಗಾಗಿ ತರಬೇತಿ ಮೊಬೈಲಿಗೇ ಬಂದಾಗ ಇಲ್ಲಿಯ ಮೇಷ್ಟ್ರುಗಳಿಗೆ ಆದ ಸಮಾಧಾನ ಸುಳ್ಳಲ್ಲ. ಬಸ್ಸಿನ ಚಿಂತೆ ತಪ್ಪಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಬೇರೆ ಶಾಲೆಯವರ ಜೊತೆ ಆಗುತ್ತಿದ್ದ ಮಾತೂ ತಪ್ಪಿತು. ಮೊದಲನೆಯ ಲಾಭ ವರದಿಯಲ್ಲಿ ಬಂತು. ಎರಡನೆಯ ನಷ್ಟಕ್ಕೆ ವರದಿಯಲ್ಲಿ ಕಾಲಂ ಇರಲಿಲ್ಲ.

*

ವೇದಿಕೆ ಬದಲಾಗುವುದು ನಮಗೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹ ಭಾರತದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿಯಲ್ಲಿ ಪಾಠ ಹೇಳಿತು. ನಮ್ಮಲ್ಲಿ ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಮಕ್ಕಳಿಗೆ ಪಾಠ, ರೈತರಿಗೆ ಸಲಹೆ, ಇದರ ನಡುವೆ ಹತ್ತಾರು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಎರವಲು ತಂದ ಉಪಗ್ರಹವನ್ನು ಅದರ ಒಡೆಯರು ವಾಪಸು ಕರೆಸಿಕೊಂಡರು. ಎರವಲು ವೇದಿಕೆಯ ಗುಣ ಅಂದೇ ತಿಳಿದಿತ್ತು: ಪಾಠ ನಮ್ಮದು, ಗಡುವು ಅವರದು.

*

2004ರ ಸೆಪ್ಟೆಂಬರ್ 20ರಂದು ಇಸ್ರೋ ಹಾರಿಸಿದ ಎಜುಸ್ಯಾಟ್ ಎರವಲಿನದಲ್ಲ, ನಮ್ಮದೇ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮಾಡಿನ ಮೇಲೆ ಅದಕ್ಕಾಗಿ ಡಿಶ್ ಬಂತು, ಒಳಗೆ ಟಿವಿ ಬಂತು. 2010ರ ಹೊತ್ತಿಗೆ ಉಪಗ್ರಹದ ಆಯುಷ್ಯ ಮುಗಿಯಿತು. ಸ್ವಂತದ್ದಕ್ಕೂ ಆಯುಷ್ಯವಿದೆ. ವ್ಯತ್ಯಾಸ ಇಷ್ಟೇ, ಸ್ವಂತದ್ದು ಯಾವಾಗ ಮುಗಿಯುತ್ತದೆ ಎಂದು ಮೊದಲೇ ಹೇಳಬಹುದು. ಹೇಳಬಹುದಾದರೂ ಹೇಳದಿರುವುದು ನಮ್ಮ ಕಚೇರಿಗಳ ಹಳೆಯ ಅಭ್ಯಾಸ.

*

ಒಳಗೆ ಬರುವ ಬಾಗಿಲನ್ನು ಮಾರುವವರೇ ತೋರಿಸುತ್ತಾರೆ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನಾವೇ ಕೇಳಬೇಕು, ಅದೂ ಒಪ್ಪಂದಕ್ಕೆ ಸಹಿ ಹಾಕುವ ಮೊದಲು.

*

ಶಿಕ್ಷಕರಿಗೆಂದು ದೀಕ್ಷಾ ಪೋರ್ಟಲ್ ಶುರುವಾದದ್ದು 2017ರ ಸೆಪ್ಟೆಂಬರ್ 5, ಶಿಕ್ಷಕರ ದಿನದಂದು. ನಿಷ್ಠಾ ತರಬೇತಿ 2019ರ ಆಗಸ್ಟ್‌ನಲ್ಲಿ ಶುರುವಾದಾಗ ಅದು ಕೂತು ಮಾತಾಡುವ ತರಬೇತಿ. ಸಂಪನ್ಮೂಲ ವ್ಯಕ್ತಿಗಳು, ಗುಂಪು ಚಟುವಟಿಕೆ, ಚಾರ್ಟು, ಸ್ಕೆಚ್ ಪೆನ್ನು. ಏಳು ತಿಂಗಳಾಗುವಷ್ಟರಲ್ಲಿ ಕೊರೊನಾ ಬಂದು ಶಾಲೆಯ ಬಾಗಿಲೇ ಹಾಕಿತು. 2020ರ ಅಕ್ಟೋಬರ್‌ನಲ್ಲಿ ಅದೇ ತರಬೇತಿ ದೀಕ್ಷಾದ ಮೇಲೆ 18 ಕೋರ್ಸುಗಳಾಗಿ ಬಂತು. 2021ರಲ್ಲಿ ಪ್ರೌಢಶಾಲೆಯವರಿಗೆ ಎರಡನೆಯ ಆವೃತ್ತಿ, ಬುನಾದಿ ಓದು-ಲೆಕ್ಕಕ್ಕೆ ಮೂರನೆಯದು. ಇಷ್ಟು ಬೇಗ ಇಷ್ಟು ದೊಡ್ಡ ವರ್ಗಾವಣೆ ಮಾಡಿದವರ ಶ್ರಮ ಸಣ್ಣದಲ್ಲ. ಆದರೆ ಗುಂಪು ಚಟುವಟಿಕೆ ಇದ್ದ ಜಾಗದಲ್ಲಿ "ಯೋಚಿಸಿ, ಬರೆಯಿರಿ" ಎಂಬ ಪುಟ ಬಂತು. ಒಬ್ಬರೇ ಕೂತು ಗುಂಪು ಚರ್ಚೆ ಮಾಡುವುದನ್ನು ನಮ್ಮ ಶಿಕ್ಷಕರು ಆ ವರ್ಷ ಕಲಿತರು.

*

ಕೋರ್ಸಿನ ಕೊನೆಯ ಪ್ರಶ್ನೆಗಳಲ್ಲಿ ಶೇ 70 ಬಂದರೆ ಪ್ರಮಾಣಪತ್ರ. ಉತ್ತರಗಳು ಯೂಟ್ಯೂಬಿನಲ್ಲಿ ಪುಕ್ಕಟೆ. ಪ್ರಶ್ನೆಪತ್ರಿಕೆಯನ್ನು ಹಾಗೆಯೇ ಹೊಸ ವೇದಿಕೆಗೆ ಹೊತ್ತೊಯ್ಯುವವರು ಒಂದು ಮಾತು ತಿಳಿದಿರಲಿ: ಉತ್ತರಗಳು ನಿಮಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿವೆ.

*

ಎಲ್ಲರೂ ಮುಗಿಸಿದ ತರಬೇತಿಯ ಬಗ್ಗೆ ಅನುಮಾನವಿರಲಿ. ಯಾರೋ ಒಬ್ಬರು ಅರ್ಧಕ್ಕೆ ನಿಂತು "ಇದು ನನ್ನ ಕ್ಲಾಸಿಗೆ ಹೊಂದಲ್ಲ" ಎಂದಿದ್ದರೆ ಆ ಅರ್ಧದಲ್ಲಿ ಸುದ್ದಿ ಇದೆ. ವರ್ಗಾವಣೆಯಲ್ಲಿ ಅಳಿಸಿ ಹಾಕುವುದು ಅದನ್ನೇ: "ಅಪೂರ್ಣ ದಾಖಲೆಗಳನ್ನು ಕೈಬಿಡಲಾಗಿದೆ."

*

ಒಟಿಪಿಯ ಅವಧಿ ಕೆಲವೇ ನಿಮಿಷ. ಹಳೆಯ ಖಾತೆಗೆ ಕೊಟ್ಟ ನಂಬರು ಮನೆಯವರದು. ಆ ಸಿಮ್ ಈಗ ಬೆಂಗಳೂರಿನಲ್ಲಿ ಓದುವ ಮಗನ ಮೊಬೈಲಿನಲ್ಲಿದೆ. ಮೇಡಂ ಶಾಲೆಯ ಜಗಲಿಗೆ ಬಂದು, ಸಿಗ್ನಲ್ಲಿಗಾಗಿ ಕಂಬದ ಪಕ್ಕ ನಿಂತು ಫೋನ್ ಮಾಡುತ್ತಾರೆ. "ಒಂದು ನಂಬರ್ ಬಂದಿರುತ್ತೆ ನೋಡೋ, ಬೇಗ ಹೇಳು." "ಕ್ಲಾಸಲ್ಲಿದೀನಿ ಅಮ್ಮ." "ನಾನೂ ಕ್ಲಾಸಲ್ಲೇ ಇದೀನಿ ಕಣೋ." ಅವನು ನೋಡಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಒಳಗೆ ಮೂರನೆಯ ತರಗತಿಯ ಗದ್ದಲ. ಸಹಾಯವಾಣಿಯ ಲೆಕ್ಕದಲ್ಲಿ ಇದು "ಲಾಗಿನ್ ಸಮಸ್ಯೆ, ಒಂದು."

*

ಹೊಸ ಫಾರಂ ಕೇಳುವುದು ಮೊದಲ ಹೆಸರು, ಕೊನೆಯ ಹೆಸರು. ನಮ್ಮ ಬಯಲುಸೀಮೆಯವರಿಗೆ ಇರುವುದು ಒಂದು ಹೆಸರು, ಜೊತೆಗೆ ಒಂದೆರಡು ಇನಿಷಿಯಲ್ಲು: ಊರಿನದೊಂದು, ಅಪ್ಪನದೊಂದು. ಹಳೆಯ ಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಹೊಸದರಲ್ಲಿ ಹಿಂದೆ, ಆಧಾರ್‌ನಲ್ಲಿ ಬಿಡಿಸಿ ಬರೆದದ್ದು, ಸೇವಾ ಪುಸ್ತಕದಲ್ಲಿ ಚುಕ್ಕಿ ಇಲ್ಲದ್ದು. ನಾಲ್ಕೂ ಒಬ್ಬರೇ ಎಂದು ಹೆಡ್‌ಮಾಸ್ಟರಿಗೆ ಗೊತ್ತು, ಊರಿಗೆ ಗೊತ್ತು. ಯಂತ್ರಕ್ಕೆ ನಾಲ್ಕು ಜನ, ಅವರಲ್ಲಿ ಮೂವರಿಗೆ ತರಬೇತಿ ಬಾಕಿ.

*

ಹೆಸರು ಹಿಡಿದು ಜೋಡಿಸುವ ಬದಲು ಸರ್ಕಾರಿ ನೌಕರರ ವಿಮೆಯ ಕೆಜಿಐಡಿ ನಂಬರು ಹಿಡಿಯಿರಿ ಎಂದು ತಿಳಿದವರು ಹೇಳುತ್ತಾರೆ. ಸರಿಯಾದ ಮಾತು. ಆದರೆ ಅತಿಥಿ ಶಿಕ್ಷಕರಿಗೆ ಕೆಜಿಐಡಿ ಇಲ್ಲ. ಒಂದು ವರ್ಷ ಈ ಶಾಲೆ, ಮರುವರ್ಷ ಇನ್ನೊಂದು, ನಡುವೆ ಬೇಸಿಗೆಯಲ್ಲಿ ಯಾವುದೂ ಇಲ್ಲ. ತರಬೇತಿ ಎಲ್ಲರಿಗಿಂತ ಹೆಚ್ಚು ಬೇಕಾದವರ ಹೆಸರು ಪಟ್ಟಿಯಿಂದ ಎಲ್ಲರಿಗಿಂತ ಮೊದಲು ಉದುರುತ್ತದೆ. ಯಾರೂ ಬೇಕೆಂದು ಉದುರಿಸುವುದಿಲ್ಲ; ಹಿಡಿದುಕೊಳ್ಳಲು ನಂಬರಿಲ್ಲ, ಅಷ್ಟೇ.

*

ನಮ್ಮ ಭಾಷೆಯ ತರಬೇತಿ ಸಾಹಿತ್ಯಕ್ಕೆ ಇಂಗ್ಲಿಷಿನವರಿಗೆ ಇಲ್ಲದ ಒಂದು ಗಂಡಾಂತರವಿದೆ. ವರ್ಷಗಟ್ಟಲೆ ನಾವು ಕೈಪಿಡಿಗಳನ್ನು ಟೈಪ್ ಮಾಡಿದ್ದು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಪರದೆಯ ಮೇಲೆ ಕಾಣುವುದು ಕನ್ನಡ, ಕಡತದ ಒಳಗೆ ಇರುವುದು ಇಂಗ್ಲಿಷಿನ ಚಿಹ್ನೆಗಳ ಸಾಲು. ಫಾಂಟು ಇರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಯೂನಿಕೋಡ್ ಬಿಟ್ಟು ಬೇರೆ ಅರಿಯದ ಹೊಸ ವೇದಿಕೆಗೆ ಅದನ್ನು ಏರಿಸಿದ ದಿನ, ಹತ್ತು ವರ್ಷ ಓದಿಕೊಂಡು ಬಂದ ಪುಟ ಕಲಸುಮೇಲೋಗರವಾಗಿ ನಿಲ್ಲುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಒಳ್ಳೆಯವೇ ಇವೆ. ಆದರೆ ಅರ್ಕಾವತ್ತು ಬಂದಲ್ಲಿ ಎಡವುವುದುಂಟು: ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರವಾದ ಮೇಲೆ ಒತ್ತಿರುತ್ತೇವೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಕೂರಬೇಕು. ಕಾರ್ಯ, ಮಾರ್ಗ, ವರ್ಗ, ಪೂರ್ಣ: ಇಲಾಖೆಯ ಅರ್ಧ ಶಬ್ದಭಂಡಾರ ಅರ್ಕಾವತ್ತಿನ ಮೇಲೆಯೇ ನಿಂತಿದೆ. ಹೀಗಾಗಿ ಪರಿವರ್ತನೆ ಮುಗಿದ ಮೇಲೂ ಒಬ್ಬರು ಕೂತು ಸಾಲು ಸಾಲಾಗಿ ಓದಬೇಕು. ಟೆಂಡರಿನಲ್ಲಿ ಈ ಒಬ್ಬರಿಗೆ ಸಂಬಳ ಇಟ್ಟದ್ದನ್ನು ನಾನು ಕಂಡಿಲ್ಲ.

*

ಹಳೆಯ ಫಾಂಟಿನ ಪಿಡಿಎಫ್ ಕಣ್ಣಿರುವವರಿಗೆ ಓದಲು ಸಿಗುತ್ತದೆ. ಕಣ್ಣು ಕಾಣದ ಶಿಕ್ಷಕರ ಮೊಬೈಲು ಅದನ್ನು ಗಟ್ಟಿಯಾಗಿ ಓದಲು ಹೋಗಿ ತೊದಲುತ್ತದೆ. ವೇದಿಕೆ ಬದಲಾಯಿಸಲು ನೂರು ಕಾರಣ ಕೊಡುವವರು ಈ ಒಂದು ಕಾರಣ ಕೊಟ್ಟಿದ್ದರೆ ನಾನು ಉಳಿದ ತೊಂಬತ್ತೊಂಬತ್ತನ್ನು ಕೇಳುತ್ತಲೇ ಇರಲಿಲ್ಲ.

*

ಪಾಠವನ್ನು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಒಯ್ಯುವ ತೊಂದರೆಗೆ ಜಗತ್ತು ಮದ್ದು ಹುಡುಕದೆ ಕೂತಿಲ್ಲ. ಒಂದು ಕಡೆ ಮಾಡಿದ ಪಾಠ ಇನ್ನೊಂದು ಕಡೆಯೂ ನಡೆಯಬೇಕೆಂದು ಅಮೆರಿಕದ ರಕ್ಷಣಾ ಇಲಾಖೆಯ ಆಸರೆಯಲ್ಲಿ ಸ್ಕಾರ್ಮ್ ಎಂಬ ನಿಯಮಾವಳಿ ಹುಟ್ಟಿತು, ಅದರ 1.2ನೇ ಆವೃತ್ತಿ ಬಂದದ್ದು 2001ರಲ್ಲಿ. ಇವತ್ತಿಗೂ ಬಳಕೆಯಲ್ಲಿದೆ. ಪಾಠ ತೆರೆದರೋ, ಮುಗಿಸಿದರೋ, ಎಷ್ಟು ಅಂಕ, ಎಷ್ಟು ಹೊತ್ತು, ಇಷ್ಟನ್ನು ಅದು ಜೋಪಾನವಾಗಿ ಸಾಗಿಸುತ್ತದೆ. 2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಹೊರತಂದ ಮೂಡಲ್‌ನಲ್ಲಿ ಇಡೀ ಕೋರ್ಸನ್ನು ಒಂದೇ ಕಡತವಾಗಿ ಕಟ್ಟಿ ಇನ್ನೊಂದು ಮೂಡಲ್‌ಗೆ ಒಯ್ಯಬಹುದು. ದೀಕ್ಷಾದ ತಳಹದಿಯಾದ ಸನ್‌ಬರ್ಡ್ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಷನ್ ಕಟ್ಟಿದ ಮುಕ್ತ ತಂತ್ರಾಂಶ. ಅಂದರೆ ಒಯ್ಯುವ ಉಪಾಯಗಳಿಗೆ ಬರವಿಲ್ಲ. ಏನನ್ನು ಒಯ್ಯಬೇಕೆಂದು ಕೂತು ತೀರ್ಮಾನಿಸುವವರಿಗೆ ಬರ.

*

ಅಡಿಕೆ ಸಸಿ ಕೀಳುವವರು ಬೇರಿನ ಸುತ್ತಲ ಮಣ್ಣಿನ ಹೆಂಟೆ ಒಡೆಯದಂತೆ ಕೀಳುತ್ತಾರೆ. ಪಾಠದ ಕೆಳಗೆ ಶಿಕ್ಷಕರು ಬರೆದ ಸಾಲುಗಳು, "ಇದನ್ನು ನಮ್ಮ ಶಾಲೆಯಲ್ಲಿ ಹುಣಸೆ ಬೀಜ ಇಟ್ಟು ಮಾಡಿದೆ, ಮಕ್ಕಳು ಬಿಡಲೇ ಇಲ್ಲ" ಎಂಬಂಥವು, ಆ ಹೆಂಟೆ. ವರ್ಗಾವಣೆಯ ಪಟ್ಟಿಯಲ್ಲಿ ಪಾಠ ಇರುತ್ತದೆ, ವಿಡಿಯೊ ಇರುತ್ತದೆ, ಅಂಕ ಇರುತ್ತದೆ. ಇದನ್ನು ಮಾತ್ರ ಕೊಡವಿ ಹೋಗುತ್ತಾರೆ.

*

ಫ್ಲ್ಯಾಶ್ ತಂತ್ರಾಂಶ 2020ರ ಡಿಸೆಂಬರ್ 31ಕ್ಕೆ ನಿಂತಿತು. ಅದರಲ್ಲಿ ಮಾಡಿಟ್ಟ ಪಾಠಗಳೂ ಅದರ ಬೆನ್ನಿಗೇ ಕಣ್ಣು ಮುಚ್ಚಿದವು. ಶಿಕ್ಷಕರೂ ಮಕ್ಕಳೂ ಬಳಸುತ್ತಿದ್ದ ಎಡ್‌ಮೋಡೊ 2022ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಪುಕ್ಕಟೆ ಸಿಕ್ಕಿದ್ದಕ್ಕೆ ಬಾಡಿಗೆ ಕರಾರು ಇರುವುದಿಲ್ಲ, ಖಾಲಿ ಮಾಡಲು ನೋಟಿಸು ಮಾತ್ರ ಇರುತ್ತದೆ.

*

2020ರ ಏಪ್ರಿಲ್‌ನಲ್ಲಿ ಕೊರೊನಾ ಕೆಲಸಕ್ಕೆ ನಿಂತವರಿಗೆ ತುರ್ತಾಗಿ ತರಬೇತಿ ಬೇಕಾಯಿತು. ಹೊಸದು ಕಟ್ಟಲು ವೇಳೆ ಇರಲಿಲ್ಲ. ಶಿಕ್ಷಕರಿಗೆ ಕಟ್ಟಿದ್ದ ದೀಕ್ಷಾದ ಮೇಲೆಯೇ ಐಗಾಟ್ ಎಂಬ ತರಬೇತಿ ವೇದಿಕೆ ಶುರುವಾಯಿತು; ವೈದ್ಯರು, ದಾದಿಯರಿಂದ ಹಿಡಿದು ಪೊಲೀಸರವರೆಗೆ ಅಲ್ಲಿಗೆ ಬಂದರು. ಆಮೇಲೆ ಅದು ಕರ್ಮಯೋಗಿ ಎಂಬ ಬೇರೆಯೇ ಪೋರ್ಟಲ್ ಆಯಿತು. ತುರ್ತಿನಲ್ಲಿ ಜಾಗ ಹಂಚಿಕೊಂಡವರು ಸಾವಧಾನವಾದಾಗ ಬೇರೆ ಮನೆ ಮಾಡುವುದು ಸಹಜ. ಬೇಸರ ಇರುವುದು ಒಂದಕ್ಕೆ: ಒಬ್ಬ ಸರ್ಕಾರಿ ನೌಕರ ಎರಡು ಕಡೆ ಎರಡು ಖಾತೆ, ಎರಡು ಪಾಸ್‌ವರ್ಡ್ ಇಟ್ಟುಕೊಂಡು ತನ್ನನ್ನು ತಾನೇ ಎರಡು ಸಲ ಪರಿಚಯ ಮಾಡಿಕೊಳ್ಳಬೇಕಾದದ್ದಕ್ಕೆ.

*

ಅಂಗನವಾಡಿಯವರನ್ನು ಕೇಳಿ. 2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಪುಸ್ತಕದ ರಿಜಿಸ್ಟರೂ ಬಹಳ ಕಡೆ ಹಾಗೆಯೇ ಉಳಿಯಿತು. ಹಳೆಯದನ್ನು ಬಿಡುವ ಧೈರ್ಯವಿಲ್ಲದೆ ಹೊಸದನ್ನು ತಂದರೆ ಬದಲಾಗುವುದು ವ್ಯವಸ್ಥೆಯಲ್ಲ, ಕೆಲಸದ ಹೊರೆ.

*

ಒಂದು ಒಳ್ಳೆಯ ವರ್ಗಾವಣೆಯ ಕಥೆಯೂ ನಮ್ಮಲ್ಲೇ ಇದೆ, ಅದರಲ್ಲಿ ಕಂಪ್ಯೂಟರೇ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ ಬಂದರು. ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿದ್ದವು. ಒಂದೊಂದು ಮಗುವೂ ತನ್ನ ನಡಿಗೆಯಲ್ಲಿ ಮೆಟ್ಟಿಲು ಹತ್ತುತ್ತಿತ್ತು. ಬಂದವರು ಅವನ್ನು ಕನ್ನಡಕ್ಕೆ ಇಳಿಸಿ ಸುಮ್ಮನಾಗಲಿಲ್ಲ. ತಮ್ಮ ಮಕ್ಕಳು ಆಡುವ ಮಾತು, ಹಾಡು, ಕಾಡು, ಹೊಲ ಹಾಕಿ ತಾವೇ ಹೊಸದಾಗಿ ಕಾರ್ಡು ಬರೆದರು. ನಲಿ ಕಲಿ ಹುಟ್ಟಿದ್ದು ಹೀಗೆ. 2009ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು-ಎರಡನೇ ತರಗತಿಗೆ ಬಂತು, ಕಡೂರಿನ ಹಳ್ಳಿಗಳಿಗೂ ಬಂತು, ಅಚ್ಚಾದ ಕಾರ್ಡುಗಳ ಪೆಟ್ಟಿಗೆಯಾಗಿ. ಕಾರ್ಡು ಬರೆದವರಿಗೆ ಅದು ಯಾಕೆ ಹಾಗಿದೆ ಎಂದು ಗೊತ್ತಿತ್ತು. ಪೆಟ್ಟಿಗೆ ತೆರೆದವರಿಗೆ ಯಾವ ಕಾರ್ಡಾದ ಮೇಲೆ ಯಾವ ಕಾರ್ಡು ಎಂದು ಮಾತ್ರ ತಿಳಿಸಲಾಯಿತು. ಎರಡೂ ವರ್ಗಾವಣೆಗಳೇ. ಮೊದಲನೆಯದರಲ್ಲಿ ವಿಧಾನ ಮನುಷ್ಯರ ಜೊತೆ ಬಂತು, ಎರಡನೆಯದರಲ್ಲಿ ಲಾರಿಯಲ್ಲಿ.

*

ಪೆಟ್ಟಿಗೆ ಬಂದ ಮೇಲೂ ತಮ್ಮದೇ ಎರಡು ಕಾರ್ಡು ಬರೆದು ಸೇರಿಸಿದ ಶಿಕ್ಷಕಿಯರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ಹುಡುಕಿ. ಹೊಸ ವೇದಿಕೆಗೆ ಬೇಕಾದ ಮೊದಲ ಬಳಕೆದಾರರು ಅವರೇ, ಐಟಿ ಗೊತ್ತಿರುವ ತರುಣರಲ್ಲ.

*

ಈ ಶತಮಾನದ ಮೊದಲ ವರ್ಷಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮಕ್ಕಳಿಗಾಗಿ ನೂರಕ್ಕೂ ಹೆಚ್ಚು ಸಿ.ಡಿ.ಗಳನ್ನು ಮಾಡಿಸಿತು. ಕೆಲವು ವರ್ಷ ನಡೆಸಿ ನೋಡಿ, ಅದನ್ನು ಬಿಟ್ಟು ಶಿಕ್ಷಕರ ಜೊತೆಗಿನ ಕೆಲಸಕ್ಕೆ ತಿರುಗಿತು. ದುಡ್ಡು ಹಾಕಿದ ಮೇಲೆ ದಾರಿ ಬದಲಿಸುವುದು ಕಷ್ಟ. ದುಡ್ಡು ಹಾಕಿದವರು ಅದನ್ನು ಬಾಯಿಬಿಟ್ಟು ಹೇಳುವುದು ಇನ್ನೂ ಅಪರೂಪ. ಸರ್ಕಾರದ ಯಾವ ಪೋರ್ಟಲ್ಲಾದರೂ "ಇದು ಕೆಲಸ ಮಾಡಲಿಲ್ಲ, ಅದಕ್ಕೆ ಬದಲಿಸುತ್ತಿದ್ದೇವೆ" ಎಂದು ಬರೆದು ಮುಚ್ಚಿದ್ದುಂಟೆ? ಎಲ್ಲವೂ "ಉನ್ನತೀಕರಣ"ಗೊಂಡೇ ಮುಚ್ಚುತ್ತವೆ.

*

ಕಡೂರು ಕಂದಾಯ ಲೆಕ್ಕದಲ್ಲಿ ಒಂದು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಡೂರು, ಬೀರೂರು ಎಂದು ಎರಡು ಬ್ಲಾಕು. ಅಜ್ಜಂಪುರ ಮೊನ್ನೆ ಮೊನ್ನೆಯವರೆಗೆ ತರೀಕೆರೆಯ ಹೋಬಳಿ, ಈಗ ತಾನೇ ಒಂದು ತಾಲ್ಲೂಕು. ಹೊಸ ವೇದಿಕೆಯಲ್ಲಿ "ನಿಮ್ಮ ಬ್ಲಾಕ್ ಆರಿಸಿ" ಎಂಬ ಪಟ್ಟಿ ಇಳಿಬೀಳುತ್ತದೆ. ಪಟ್ಟಿ ಮಾಡಿದವರು ಯಾವ ಭೂಪಟ ನೋಡಿ ಮಾಡಿದರು ಎಂಬುದರ ಮೇಲೆ ನೂರಾರು ಶಿಕ್ಷಕರು ಯಾವ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಲೆಕ್ಕಕ್ಕೆ ಬೀಳುತ್ತಾರೆ ಎಂಬುದು ನಿಂತಿದೆ.

*

ಹೋಬಳಿಯ ನಿಜವಾದ ಕಲಿಕಾ ವೇದಿಕೆ ವಾಟ್ಸ್‌ಆ್ಯಪ್ ಗುಂಪು. ಪೋರ್ಟಲ್ಲಿನ ಬಳಕೆದಾರರ ಕೈಪಿಡಿ ನಲವತ್ತು ಪುಟ ಇದ್ದರೆ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ ಸಾರ್ ರಾತ್ರಿ ಒಂಬತ್ತೂವರೆಗೆ ಹಾಕುವ ಒಂದು ಸ್ಕ್ರೀನ್‌ಶಾಟು, ಅದರ ಮೇಲೆ ಕೆಂಪು ಬಾಣ, ಕೆಳಗೆ "ಇಲ್ಲಿ ಒತ್ತಿ, ಎರಡು ಸಲ ಒತ್ತಬೇಡಿ" ಎಂಬ ಒಂದು ಸಾಲು ಅದಕ್ಕಿಂತ ಮುಂದೆ ಓಡುತ್ತದೆ. ಗೊತ್ತಿರುವ ಒಬ್ಬರು, ಗೊತ್ತಿಲ್ಲದವರಿಗೆ, ಬೇಕಾದ ಹೊತ್ತಿಗೆ, ಅವರ ಮಾತಿನಲ್ಲಿ ಹೇಳುವುದು. ತರಬೇತಿ ಎಂದು ನಾವು ಹುಡುಕುತ್ತಿರುವುದು ಇದನ್ನಲ್ಲವೇ? ಆ ಕೆಂಪು ಬಾಣವನ್ನು ಉಳಿಸಿಕೊಳ್ಳುವ ಕಾಲಂ ಯಾವ ವೇದಿಕೆಯಲ್ಲೂ ಇಲ್ಲ. ಸಾರ್‌ಗೆ ವರ್ಗವಾದರೆ ಗುಂಪಿನಿಂದ ಅವರು ಹೊರಡುತ್ತಾರೆ, ಬಾಣಗಳೂ ಹಳೆಯ ಮೆಸೇಜುಗಳ ಅಡಿಗೆ ಹೋಗುತ್ತವೆ.

*

ವೇದಿಕೆ ಬದಲಿಸಲು ಒಳ್ಳೆಯ ತಿಂಗಳು ಯಾವುದು? ಮಾರ್ಚ್-ಏಪ್ರಿಲ್ ಪರೀಕ್ಷೆ. ಮೇ ಕೊನೆಗೆ ಶಾಲೆ ಶುರು, ಜೂನ್ ತುಂಬ ದಾಖಲಾತಿ. ಆಗಸ್ಟ್‌ನಲ್ಲಿ ಪ್ರತಿಭಾ ಕಾರಂಜಿ, ಕ್ರೀಡಾಕೂಟಗಳ ಓಡಾಟ. ದಸರಾ ರಜೆ ಇದೆಯಲ್ಲ ಎನ್ನುವವರಿಗೆ 2025ರ ದಸರಾ ನೆನಪಿರಲಿ: ಶಿಕ್ಷಕರು ಜಾತಿ ಸಮೀಕ್ಷೆಗೆಂದು ಮನೆ ಮನೆ ಬಾಗಿಲು ತಟ್ಟುತ್ತಿದ್ದರು, ಆ ಕೆಲಸಕ್ಕೂ ಒಂದು ಆ್ಯಪ್ ಇತ್ತು, ಅದರದ್ದೂ ಒಂದು ಒಟಿಪಿ. ಖಾಲಿ ತಿಂಗಳು ಇಲ್ಲ. ಹಾಗಾಗಿ ಕೇಳಬೇಕಾದದ್ದು ತಿಂಗಳನ್ನಲ್ಲ, ಸಮಯವನ್ನು: ಶಾಲಾ ವೇಳೆಯಲ್ಲಿ ಎರಡು ದಿನ, ಕ್ಲಸ್ಟರಿನಲ್ಲಿ ಕೂತು, ಹಳೆಯ ಖಾತೆಯಿಂದ ಹೊಸದಕ್ಕೆ ದಾಟಿಸಿಕೊಳ್ಳಲು. ಅದನ್ನು ತರಬೇತಿಯ ದಿನವೆಂದೇ ಲೆಕ್ಕ ಹಿಡಿಯಬೇಕು.

*

ಹಳೆಯದನ್ನು ಮುಚ್ಚುವ ಮೊದಲು ಒಂದು ವರ್ಷ ಓದಲು ಮಾತ್ರ ತೆರೆದಿಡಿ. ಹೊಸದೇನೂ ಬರೆಯಲಾಗದು, ಹಳೆಯದು ನೋಡಬಹುದು, ಇಳಿಸಿಕೊಳ್ಳಬಹುದು. ಪ್ರಮಾಣಪತ್ರದ ಮೇಲಿನ ಕ್ಯುಆರ್ ಕೋಡ್ ಹಳೆಯ ವಿಳಾಸಕ್ಕೇ ಹೋಗುತ್ತಿದ್ದರೆ ಆ ವಿಳಾಸ ಅದಕ್ಕಿಂತ ಹೆಚ್ಚು ವರ್ಷ ಬದುಕಿರಬೇಕು. ಇಲ್ಲದಿದ್ದರೆ ಬಡ್ತಿಯ ವೇಳೆ ಯಾರೋ ಸ್ಕ್ಯಾನ್ ಮಾಡಿ "ಪುಟ ಸಿಗಲಿಲ್ಲ" ಎಂದು ಷರಾ ಬರೆದರೆ ಉತ್ತರ ಕೊಡಬೇಕಾದವರು ಶಿಕ್ಷಕರು, ಪುಟ ಅಳಿಸಿದವರಲ್ಲ.

*

"ಮೇಡಂ, ಹೊಸ ಆ್ಯಪ್ ಬಂತಂತೆ. ಮೊದಲಿನದಕ್ಕಿಂತ ಸುಲಭವಂತೆ."

"ಮೊದಲಿನದೂ ಸುಲಭ ಅಂತಲೇ ಹೇಳಿದ್ರಲ್ಲ ಸಾರ್."

"ಇದರಲ್ಲಿ ಬೇರೆಯವರ ಶಾಲೆಯಲ್ಲಿ ಏನು ಮಾಡ್ತಾರೆ ಅಂತ ನೋಡಬಹುದಂತೆ."

"ಹೌದಾ? ಹಾಗಾದ್ರೆ ಹಾಕ್ಕೊಡಿ ನೋಡ್ತೀನಿ. ಪಾಸ್‌ವರ್ಡು ಮಾತ್ರ ಹಳೇದೇ ಇಡಬಹುದಾ ಕೇಳಿ."